ಗಾದಿಬಟ್ಟೆಯ ಮೇಲೆ ಹಸೆ

ಮನೆ ಕೊಡುವಾಗಲೇ ಓನರ್ರು ಹೇಳಿದ್ದರು:
ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ,
ಕ್ಯಾಲೆಂಡರು ಬೇಕಾದರೆ ಬಾಗಿಲ ಹಿಂದೆ.
ವಿನೋಬನಗರ, ಎರಡನೇ ಮಹಡಿ.
ಹಾಗಾಗಿ ನೆಲಕ್ಕೇ ಹಾಸಿದ್ದೇನೆ
ಅಪ್ಪನ ಅಂಗಡಿಯಲ್ಲಿ ಉಳಿದ ಕೊನೇ ಥಾನು,
ನೀಲಿ ಬಿಳಿ ಪಟ್ಟೆಯ ಗಾದಿಬಟ್ಟೆ,
ಆರಡಿಗೆ ನಾಲ್ಕಡಿ, ಇಬ್ಬರಿಗಾಗುವಷ್ಟು.

ಸಾಗರದ ಬಸ್ಸು ಹತ್ತಿ ದೊಡ್ಡವ್ವನಲ್ಲಿಗೆ ಹೋಗಿದ್ದೆ.
ಊರಿನ ಮದುವೆಗಳಿಗೆಲ್ಲ ಹಸೆಗೋಡೆ ಬರೆದ ಕೈ,
ತಂಗಿಯ ಮದುವೆಯೊಂದನ್ನು ಬಿಟ್ಟು.

ತಂಗಿಯ ಮದುವೆ ಆದದ್ದು
ಸಬ್‌ರಿಜಿಸ್ಟ್ರಾರ್ ಕಚೇರಿಯ ಸುಣ್ಣ ಉದುರಿದ ಗೋಡೆಯೆದುರು.
ಗೋಡೆಯ ಮೇಲೆ ಇದ್ದದ್ದು ಒಂದೇ ಬರಹ:
ಇಲ್ಲಿ ಬೀಡಿ ಸೇದಬಾರದು.
ಅದರ ಕೆಳಗೆ ದೀವರ ಚೌಡಮ್ಮ,
ಹತ್ತಿ ಹಿಂಜುವವರ ಮೌಲಾಸಾಬ.
ಸಾಕ್ಷಿಗೆ ಸೈಕಲ್ ಶಾಪಿನವನು,
ಹೆಬ್ಬೆರಳಿನ ಗ್ರೀಸು ಕಾಗದದ ಮೇಲೆ ಇನ್ನೂ ಇದೆ.

ದೊಡ್ಡವ್ವ ಕೂರು ಅನ್ನಲಿಲ್ಲ, ಹೋಗು ಅನ್ನಲಿಲ್ಲ.
ಅವಳ ಜಗಲಿಗೂ ಈಗ ಟೈಲ್ಸು.
'ಇದ್ರ ಮ್ಯಾಲೆ ಬಣ್ಣ ನಿಲ್ಲಾದಿಲ್ಲ'
ಯಾರಿಗೋ ಹೇಳುವಂತೆ ಹೇಳಿ ಒಳಹೋದಳು.
ಬರುವಾಗ ಹಾರ್ಲಿಕ್ಸ್ ಬಾಟಲಿಯಲ್ಲಿ ಗುರಗೆಕಾಯಿ,
ಬಟ್ಟೆಯಂಗಡಿಯ ಕವರಿನಲ್ಲಿ ಕೆಮ್ಮಣ್ಣು,
ಪುಂಡಿನಾರಿನ ಕುಂಚ ಎರಡು, ಒಂದರ ತುದಿ ಸವೆದದ್ದು.
'ಅಕ್ಕಿ ನೆನ್ಸಿ ಒಳ್ಳಲ್ಲಿ ಅರಿ, ಮಿಕ್ಸಿ ಬ್ಯಾಡ.
ಎಳೆ ಎಳಿವಾಗ ಮಾತಾಡ್ಬ್ಯಾಡ.'
ಗೇಟಿನ ತನಕ ಬಂದು,
'ಅವಳ ಮಂಡಿನೋವು ಹೆಂಗದೆ?'
ಮೂವತ್ತೊಂದು ವರ್ಷದಲ್ಲಿ ಕೇಳಿದ ಮೊದಲ ಮಾತು.
'ಹಾಗೇ ಇದೆ' ಅಂದೆ. ಬಸ್ಸು ಬಂತು.

ಮೊದಲ ಎಳೆ ಬಟ್ಟೆ ಹೀರಿಕೊಂಡಿತು.
ಎರಡನೆಯದು ಪಟ್ಟೆಯ ಮೇಲೇ ಬಿದ್ದು ಕಾಣದೇ ಹೋಯಿತು.
ಮಿಲ್ಲಿನವರು ಆಗಲೇ ಎಳೆದಿಟ್ಟ ಗೆರೆಗಳ ನಡುವೆ
ನನ್ನದೊಂದು ಗೆರೆಗೆ ಜಾಗ ಹುಡುಕುವಷ್ಟರಲ್ಲಿ
ಪಕ್ಕದ ಮನೆಯ ಕುಕ್ಕರು ಐದು ಸಲ ಕೂಗಿತ್ತು.

ಅಪ್ಪನ ಬಿಲ್ಲನ್ನೂ ಅಟ್ಟದಿಂದ ಇಳಿಸಿದೆ.
ಅವನು ಕೊಡತಿ ತಾಗಿಸಿದರೆ ತಂತಿ ಟೊಂಯ್ ಅನ್ನುತ್ತಿತ್ತು,
ಬೂರುಗದ ಹತ್ತಿ ಎದ್ದು ಅವನ ಹುಬ್ಬಿಗೆ ಕೂರುತ್ತಿತ್ತು.
ನಾನು ತಾಗಿಸಿದರೆ ಟಪ್.
ಹತ್ತಿ ಕೂತಲ್ಲೇ ಕೂತು ನನ್ನನ್ನು ನೋಡಿತು.
ಬೆರಳಲ್ಲೇ ಬಿಡಿಸಿದೆ, ನಾಲ್ಕು ರಾತ್ರಿ.
ಫೋಮಿನ ಹಾಸಿಗೆ ಬಂದಮೇಲೆ ಅವನೂ ಹೀಗೇ
ಸುಮ್ಮನೆ ಕೂತು ಬೆರಳು ಆಡಿಸುತ್ತಿದ್ದ, ಕೈಯಲ್ಲಿ ಏನೂ ಇಲ್ಲದೆ.

ನಡುವಿನಲ್ಲಿ ಎರಡು ಗೊಂಬೆ ಬರೆದೆ.
ಚಿತ್ತಾರದ ಗೊಂಬೆಗೆ ಮುಖವಿಲ್ಲ, ಆದ್ದರಿಂದ ಜಾತಿಯಿಲ್ಲ
ಎಂದು ಪುಸ್ತಕದ ಮೂಲೆಯಲ್ಲಿ ಗೀಚಿಕೊಂಡು, ಹೊಡೆದುಹಾಕಿದೆ.
ಸುಳ್ಳು. ಬರೆದ ಕೈಗೆ ಇದೆಯಲ್ಲ.
ನನ್ನ ಕೈಗೆ?
ನನ್ನ ಕೈಗೆ ಹಿಟ್ಟು ಮೆತ್ತಿದೆ,
ಹಿಟ್ಟಿಗೆ ಹತ್ತಿ ಮೆತ್ತಿದೆ,
ತೊಳೆಯಲು ಹೋದರೆ ಗಂಜಿಯಾಗುತ್ತದೆ.

ಪ್ರದರ್ಶನದವರ ಫಾರಂನಲ್ಲಿ ಒಂದು ಕಾಲಂ:
ಯಾವ ಸಮುದಾಯದ ಕಲೆ?
ಬೆರಳಗಲದ ಜಾಗ.
ಪೆನ್ನು ಅಲ್ಲೇ ಇಟ್ಟು ಗಾದಿಯ ಬಾಯಿ ಹೊಲಿದೆ.

ಭಾನುವಾರ ಅವ್ವ ಬಂದಳು, ಮೆಟ್ಟಿಲಿಗೊಮ್ಮೆ ನಿಂತು ನಿಂತು.
ನೋಡಿದಳು. ಚೆನ್ನಾಗಿದೆ ಅನ್ನಲಿಲ್ಲ.
ಅಪ್ಪ ಗಿರಾಕಿಯೆದುರು ಒತ್ತುತ್ತಿದ್ದಂತೆಯೇ
ಅಂಗೈಯಿಂದ ಮೂಲೆ ಮೂಲೆ ಒತ್ತಿ,
'ಇಲ್ಲೊಂದು ಗಂಟು ಉಳಿದದೆ' ಅಂದಳು.
ಹಳದಿಯ ಬಳಿ ಬಗ್ಗಿ ಮೂಸಿದಳು.
'ಅಕ್ಕ ಕೊಟ್ಲಾ?'
ಹೂಂ ಅಂದೆ.

ಆಮೇಲೆ ಕನ್ನಡಕ ತೆಗೆದು ಕಿಟಕಿಗಿಟ್ಟು
ಸೆರಗು ಹೊದ್ದು ಮಲಗಿಯೇಬಿಟ್ಟಳು,
ಹೆಣ್ಣುಗೊಂಬೆಯ ಮೇಲೆ, ಒಂದು ಬದಿಗೆ ಸರಿದು,
ಇನ್ನೊಬ್ಬರಿಗೆ ಜಾಗ ಬಿಟ್ಟು.
ಬೇಡವ್ವ, ಬಣ್ಣ ಇನ್ನೂ ಹಸಿ,
ನಾಳೆ ಪ್ರದರ್ಶನದವರು ಬರುತ್ತಾರೆ
ಎನ್ನುವುದು ಗಂಟಲವರೆಗೆ ಬಂದಿತ್ತು.

ಸಂಜೆ ಎದ್ದು ಕಾಫಿಗೆ ಹಾಲಿಡಲು ಹೋದಾಗ
ರವಿಕೆಯ ಬೆನ್ನಿನ ಮೇಲೆ, ತಿರುಗುಮುರುಗಾಗಿ,
ಅಕ್ಕಿಹಿಟ್ಟಿನ ನಾಲ್ಕೆಳೆ.
ನಾನು ಹೇಳಲಿಲ್ಲ.
ಅದೇ ರವಿಕೆಯಲ್ಲಿ ಇಳಿದು ಹೋದಳು ಬಸ್‌ಸ್ಟ್ಯಾಂಡಿಗೆ.